ಅಕ್ಕೋರು ಬಿಟ್ಟುಕೊಟ್ಟ ಖೋಲಿ

ಅವರ ಖೋಲಿಯ ಗೋಡೆಯಲ್ಲಿ ಎರಡು ಮೊಳೆಗಳಿದ್ದವು. ಒಂದರ ಮೇಲೆ ಮರುದಿನ ಉಡುವ ಸೀರೆ. ಇನ್ನೊಂದರ ಮೇಲೆ ಏನೂ ಇರುತ್ತಿರಲಿಲ್ಲ. ಆದರೂ ತಿಂಗಳಿಗೊಮ್ಮೆ ಅದನ್ನು ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸುತ್ತಿದ್ದರು. ಯಾಕೆಂದು ಕೇಳಿದಾಗ, “ಬಂದವರ ಅರಿವಿ ಬಟ್ಟಿಗೆ ತುಕ್ಕ ಹತ್ತಬಾರದವ್ವಾ” ಎಂದರು.

ನಾನು ಹಾಗೆ ಬಂದವಳು. ಮೊದಲ ದಿನ ಆ ಮೊಳೆಗೆ ಕೈಚೀಲ ತೂಗುಹಾಕಿದೆ. ತಿಂಗಳು ಮುಗಿಯುವುದರೊಳಗೆ ಕೊಡೆ, ರೇನ್‌ಕೋಟು, ಎರಡು ಸೀರೆ ಎಲ್ಲ ಅದಕ್ಕೇ ಜೋತುಬಿದ್ದವು. ಅವರು ಏನೂ ಅನ್ನಲಿಲ್ಲ. ಒಂದು ಸಂಜೆ ಕೆಲಸದಿಂದ ಬಂದು ನೋಡಿದರೆ ಅವರ ಸೀರೆ ಕಿಟಕಿಯ ಸರಳಿನ ಮೇಲಿತ್ತು. ಎರಡೂ ಮೊಳೆಗಳು ನನ್ನವಾಗಿದ್ದವು.

ಅವರ ಹೆಸರು ಬರೆಯುವುದಿಲ್ಲ. ಅವರಿಂದ ಸಾಕಷ್ಟು ತೆಗೆದುಕೊಂಡಿದ್ದೇನೆ; ಹೆಸರಾದರೂ ಅವರ ಹತ್ತಿರ ಇರಲಿ. ಚಾಳಿನವರೆಲ್ಲ ಕರೆಯುತ್ತಿದ್ದಂತೆ ಅಕ್ಕೋರು ಎನ್ನುತ್ತೇನೆ. ನಮ್ಮ ಕಡೆ ಸಾಲೆಯಲ್ಲಿ ಕಲಿಸುವ ಹೆಂಗಸರನ್ನು ಹಾಗೆಯೇ ಕರೆಯುವುದು. ಬೆಟಗೇರಿಯ ಕ್ರೈಸ್ತ ಕುಟುಂಬದವರು. ಮುಂಬಯಿಯ ಕನ್ನಡ ಸಾಲೆಯೊಂದರಲ್ಲಿ ಬಹಳ ವರ್ಷ ಕಲಿಸಿ ಆಗಷ್ಟೇ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಗ್ರಾಂಟ್ ರೋಡ್ ಸ್ಟೇಶನ್ನಿನಿಂದ ಹತ್ತು ನಿಮಿಷದ ದಾರಿ. ಕೆಳಗೆ ಉಡುಪಿ ಹೋಟೆಲು ಮತ್ತು ಪಾತ್ರೆ ಅಂಗಡಿ, ಮೇಲೆ ಮೂರಂತಸ್ತಿನ ಚಾಳು. ಮೇಲಿನ ಅಂತಸ್ತಿನ ಸಾಲು ಕೋಣೆಗಳಲ್ಲಿ ಒಂದು ಅವರ ಬಾಡಿಗೆಯ ಖೋಲಿ. ಒಂದೇ ಕೋಣೆ, ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿ, ಮುಂದೆ ಎಲ್ಲರಿಗೂ ಸೇರಿದ ಉದ್ದನೆಯ ಗ್ಯಾಲರಿ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ, ಇಲ್ಲಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಪುಸ್ತಕಗಳ ಸೂಚಿ ಬರೆಯುವ ಕೆಲಸಕ್ಕೆ ಸೇರಿದ್ದೆ. ನಮ್ಮ ತಂದೆ ಚರ್ಚಿನ ಪರಿಚಯದ ಮೇಲೆ ಅಕ್ಕೋರಿಗೆ ಒಂದು ಚೀಟಿ ಬರೆದುಕೊಟ್ಟಿದ್ದರು. ಅವರು ಚೀಟಿಯನ್ನು ಬಿಡಿಸುವ ಮೊದಲೇ, “ಮಂಚ ನಿಂದು. ನನಗ ನೆಲಾನ ಬೇಶಿ, ಬೆನ್ನ ಸಾಪಾಗಿರತೈತಿ” ಎಂದಿದ್ದರು. ಎರಡು ವರ್ಷ ಎಂಟು ತಿಂಗಳು ನಾನು ಮಂಚದ ಮೇಲೆ ಮಲಗಿದೆ, ಅವರು ಚಾಪೆಯ ಮೇಲೆ. ಮೊದಲ ವಾರ ನಾನು ಬೇಡವೆಂದೆ. ಆಮೇಲೆ ಅನ್ನಲಿಲ್ಲ.

ಕ್ರೈಸ್ತರ ಮನೆಯಾದರೂ ಗೋಡೆಯ ಮೇಲೆ ಶಿಲುಬೆ ಇರಲಿಲ್ಲ. ಇದ್ದದ್ದನ್ನು ಯಾರೋ ಕೇಳಿ ಒಯ್ದಿದ್ದರು. ಅವರ ಸತ್ಯವೇದವನ್ನೂ ಯಾರೋ ಕೇಳಿದ್ದರು. ಹಾಗಾಗಿ ದಿನವೂ ಬೆಳಿಗ್ಗೆ, “ನಿನ್ನ ಸತ್ಯವೇದ ಜರಾ ಕೊಡವ್ವಾ” ಎಂದು ಕೇಳಿ ಪಡೆದು, ಗ್ಯಾಲರಿಯ ಎಳೆಬಿಸಿಲಲ್ಲಿ ಕೂತು ಓದಿ, ಮತ್ತೆ ನನ್ನ ಕೈಗೇ ತಂದುಕೊಡುತ್ತಿದ್ದರು. ಅದು ಇರುತ್ತಿದ್ದದ್ದು ಅವರದೇ ಹಲಗೆಯ ಮೇಲೆ. “ತಗೊಂಡು ಓದಬಾರದೇನ್ರೀ, ದಿನಾ ಏನ್ ಕೇಳ್ತೀರಿ?” ಎಂದರೆ, “ಕೇಳಿ ತಗೊಂಡರ ಇದು ನನ್ನದಲ್ಲಂತ ನೆನಪಿರತೈತಿ” ಎನ್ನುತ್ತಿದ್ದರು.

ಅವರ ಮುಂದೆ ಏನನ್ನಾದರೂ ಹೊಗಳುವಂತಿರಲಿಲ್ಲ. ಹೊಗಳಿದವರ ಮಾತು ಮುಗಿಯುವ ಮೊದಲೇ ವಸ್ತು ಅವರ ಕೈಯಲ್ಲಿರುತ್ತಿತ್ತು, ಅದೂ ಸೆರಗಿನಿಂದ ಒರೆಸಿ. ನಿವೃತ್ತಿಯ ಹೊತ್ತಿಗೆ ಸಾಲೆಯವರು ಒಂದು ಟೇಬಲ್ ಫ್ಯಾನು ಕೊಟ್ಟಿದ್ದರಂತೆ. ಅದು ಈ ಖೋಲಿಯಲ್ಲಿ ತಿರುಗಿದ್ದು ಒಂಬತ್ತು ದಿನ. ಪಕ್ಕದ ಖೋಲಿಯ ಗೌರವ್ವ ತುಂಬಿದ ಬಸುರಿಯಾಗಿದ್ದಳು. ಬಾಗಿಲಲ್ಲಿ ನಿಂತು “ಎಷ್ಟ ತಂಪ ಗಾಳಿ ಬರತೈತ್ರಿ” ಎಂದಳು, ಅಷ್ಟೇ. ಗೌರವ್ವ ಬಿಜಾಪುರದ ಕಡೆಯವಳು, ಆಕೆಯ ಗಂಡ ಕೆಳಗಡೆ ದರ್ಜಿ. ಈ ಕಥೆಯನ್ನು ಹೇಳಿದವಳೂ ಆಕೆಯೇ.

“ಅಕ್ಕೋರ ಮನಿಗೆ ಕಳ್ಳ ಬಂದರ ಏನ ಆಗತೈತಿ ಗೊತ್ತೇನ್ರಿ?” ಎಂದು ನಳದ ಹತ್ತಿರ ಕೊಡ ತುಂಬುತ್ತ ನನ್ನನ್ನು ಕೇಳಿದಳು. “ಬರಗೈಲೇ ಬಂದೀಯಲ್ಲೋ ತಮ್ಮಾ ಅಂತ ಒಂದ ಚೀಲಾ ಹೊಲಸಿ ಕೊಡತಾರ. ಹೊಲಿಯಾಂವ ನನ್ನ ಗಂಡ. ಮಜೂರಿ ಇಲ್ಲ!”

ಅಕ್ಕೋರು ಒಳಗಿನಿಂದ, “ಕಳ್ಳಗ ನಿನ್ನ ಖೋಲಿ ತೋರಸ್ತೀನಿ ತಡಿ, ಫ್ಯಾನ್ ಐತಿ ಅಂತ” ಎಂದು ಕೂಗಿದರು.

ಆದರೆ ಅವರು ವಸ್ತುಗಳನ್ನು ತಾತ್ಸಾರ ಮಾಡುವವರೆಂದು ತಿಳಿಯಬಾರದು. ರೇಶನ್ ಅಂಗಡಿಯಲ್ಲಿ ತೂಕ ಒಂದು ಕೂದಲೆಳೆ ಕಡಿಮೆಯಾದರೂ ಇಡೀ ಸಾಲು ನಿಲ್ಲಿಸಿ ಜಗಳವಾಡುತ್ತಿದ್ದರು. ಹರಿದ ಕೊಡೆಗೆ ತೇಪೆಯ ಮೇಲೆ ತೇಪೆ. ನಾನು ಒಮ್ಮೆ ಚಹದ ಬಟ್ಟಲು ಒಡೆದಾಗ ಇಡೀ ದಿನ ಬೇಸರದಿಂದ ಇದ್ದರು. “ಯಾವುದೂ ನಮ್ಮದಲ್ಲ ಅಂತೀರಿ, ಒಂದು ಬಟ್ಟಲಿಗೆ ಇಷ್ಟ್ಯಾಕ್ರಿ?” ಎಂದೆ, ಸ್ವಲ್ಪ ಕೊಂಕಾಗಿಯೇ. ನನ್ನನ್ನು ನೋಡಿ, “ನಮ್ಮದಾಗಿದ್ದರ ಒಡಿಯಬಹುದಿತ್ತಲ್ಲ” ಎಂದರು.

ಭಾನುವಾರ ಮಧ್ಯಾಹ್ನ, ಇಂಗ್ಲಿಷಿನವರದೂ ಮರಾಠಿಯವರದೂ ಮುಗಿದ ಮೇಲೆ, ಚರ್ಚು ನಮ್ಮ ಕನ್ನಡ ಆರಾಧನೆಗೆ ಸಿಗುತ್ತಿತ್ತು. ಸುಗ್ಗಿ ಹಬ್ಬದ ದಿನ ಊರಲ್ಲಿ ಜೋಳ, ಕುಂಬಳಕಾಯಿ ತಂದು ಅರ್ಪಿಸಿ ಆಮೇಲೆ ಅವನ್ನು ಹರಾಜಿಗಿಟ್ಟು ಲಿಲಾವು ಕೂಗುವ ಪದ್ಧತಿ. ಮುಂಬಯಿಯಲ್ಲಿ ಹೊಲ ಎಲ್ಲಿಯದು? ಜನ ಮನೆಯ ಸಾಮಾನು ತರುತ್ತಿದ್ದರು, ಹೆಚ್ಚಾಗಿ ಬೇಡವಾದದ್ದನ್ನು. ಒಂದು ವರ್ಷ ಯಾರೋ ಮುಚ್ಚಳವಿಲ್ಲದ ಕಿಟ್ಲಿ ತಂದಿದ್ದರು. ಯಾರೂ ಕೂಗಲಿಲ್ಲ. ತಂದ ಹೆಂಗಸಿನ ಮುಖ ಸಣ್ಣದಾಯಿತು. ಅಕ್ಕೋರು ಕೈ ಎತ್ತಿ ಕೊಂಡರು. ವರ್ಷವಿಡೀ ಚೋರ್ ಬಜಾರಿನಲ್ಲಿ ಹುಡುಕಿ ಅದಕ್ಕೊಂದು ಮುಚ್ಚಳ ಜೋಡಿಸಿ, ತಿಕ್ಕಿ ಬೆಳಗಿ, ಮುಂದಿನ ಸುಗ್ಗಿ ಹಬ್ಬಕ್ಕೆ ತಾವೇ ಅರ್ಪಿಸಿದರು. ಈ ಸಲ ಮೂವರು ಪೈಪೋಟಿಯಲ್ಲಿ ಕೂಗಿದರು. ಗೆದ್ದವಳು ಮೊದಲು ಅದನ್ನು ಬೇಡವೆಂದು ತಂದಿದ್ದ ಅದೇ ಹೆಂಗಸು. ಗುರುತು ಹತ್ತಿರಲಿಲ್ಲ. ಅಕ್ಕೋರು ದಾರಿಯುದ್ದಕ್ಕೂ ನಕ್ಕರು, ಯಾರಿಗೂ ಹೇಳಬೇಡವೆಂದು ನನ್ನಿಂದ ಮಾತು ತೆಗೆದುಕೊಂಡರು.

ಇನ್ನೊಂದು ವಿಷಯ ಹೇಳಬೇಕು. ನಮ್ಮ ಕಡೆ ಚಹ ಬೇಕೇ ಎಂದರೆ ಬೇಡ ಎನ್ನುವುದು ರೂಢಿ. ಮತ್ತೆ ಕೇಳಬೇಕು, ಮತ್ತೆ ಬೇಡವೆನ್ನಬೇಕು, ಮೂರನೆಯ ಸಲಕ್ಕೆ ಬಟ್ಟಲು ಕೈಗೆ ಬರಬೇಕು. ಒಂದೇ ಸಲ ಕೇಳಿದ್ದನ್ನು ಯಾರೂ ಕೇಳಿದ್ದೆಂದು ಎಣಿಸುವುದಿಲ್ಲ. ಅಕ್ಕೋರು ಮಾತ್ರ ಈ ಆಟಕ್ಕೆ ಸೇರುತ್ತಿರಲಿಲ್ಲ. ಬೇಕಿದ್ದರೆ ಮೊದಲ ಸಲಕ್ಕೇ “ಕೊಡು”, ಬೇಡದಿದ್ದರೆ ಮೊದಲ ಸಲಕ್ಕೇ “ಬ್ಯಾಡ”. ಅವರು ಒಂದೇ ಮಾತಿನವರು ಎಂದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಮುಂದೆ ಅದು ನನಗೆ ಬಹಳ ಅನುಕೂಲವಾಯಿತು.

ಎರಡನೆಯ ವರ್ಷ ನನ್ನ ಮದುವೆ ನಿಶ್ಚಯವಾಯಿತು. ಹುಬ್ಬಳ್ಳಿಯವರು, ಇಲ್ಲಿಯೇ ಒಂದು ಕಚೇರಿಯಲ್ಲಿ ಕೆಲಸ, ಪರೇಲಿನಲ್ಲಿ ಅಣ್ಣನ ಸಂಸಾರದ ಜೊತೆ ಒಂದೇ ಕೋಣೆಯಲ್ಲಿ ಏಳು ಜನ. ಮುಂಬಯಿಯಲ್ಲಿ ಖೋಲಿ ಸಿಗುವ ತನಕ ಮದುವೆಯ ದಿನ ಗೊತ್ತುಮಾಡುವಂತಿರಲಿಲ್ಲ. ಒಂದು ವರ್ಷ ಹುಡುಕಿದೆವು. ಅಂಧೇರಿಯ ಆಚೆ ನೋಡಿದೆವು, ಪವಾಯಿ ಕೆರೆಯ ಹತ್ತಿರದ ಹಳ್ಳಿಯಂಥ ಜಾಗದಲ್ಲೂ ನೋಡಿದೆವು. ಎಲ್ಲಿಯೂ ಆಗಲಿಲ್ಲ.

ಆಗ ನಾನು ಅಕ್ಕೋರ ಖೋಲಿಯನ್ನು ನೋಡತೊಡಗಿದೆ. ಎರಡು ವರ್ಷ ಅದರಲ್ಲಿದ್ದರೂ ನಾನದನ್ನು ನೋಡಿಯೇ ಇರಲಿಲ್ಲ. ಎಲ್ಲಿ ಕಪಾಟು ನಿಲ್ಲಬಹುದು, ಪರದೆ ಎಲ್ಲಿ ಕಟ್ಟಬಹುದು ಎಂದು ಮಂಚದ ಮೇಲೆ ಕೂತು ಲೆಕ್ಕ ಹಾಕುತ್ತಿದ್ದೆ. ಕೆಳಗೆ ಚಾಪೆಯ ಮೇಲೆ ಅಕ್ಕೋರು ಅಕ್ಕಿ ಆರಿಸುತ್ತಿದ್ದರು.

ಚಾಳಿನ ಮಾಲೀಕನ ಗುಮಾಸ್ತ ದಾರಿ ಹೇಳಿಕೊಟ್ಟ. ಬಾಡಿಗೆಯ ಪಾವತಿ, ಎಂದರೆ ರಸೀತಿ, ಅಕ್ಕೋರ ಹೆಸರಲ್ಲಿತ್ತು; ಅದು ಯಾರ ಹೆಸರಲ್ಲೋ ಖೋಲಿ ಅವರದು. ನಾನು ಅವರ ಅಣ್ಣನ ಮಗಳು, ಜೊತೆಗಿರುವ ಸಂಬಂಧಿ ಎಂದು ಅವರು ಬರೆದುಕೊಟ್ಟರೆ ನನ್ನ ಹೆಸರೂ ಸೇರುತ್ತಿತ್ತು. “ಫೂಫಿ ಬೋಲೋ, ಮೌಸಿ ಬೋಲೋ, ಕುಛ್ ಭೀ ಬೋಲೋ” ಎಂದ, ಹಲ್ಲಿಗೆ ಕಡ್ಡಿ ಹಾಕುತ್ತ; ಅತ್ತೆಯೋ ಚಿಕ್ಕಮ್ಮನೋ, ಏನಾದರೂ ಆದೀತು. “ಬುಡ್ಢೀ ನಾ ನಹೀ ಬೋಲೇಗೀ.”

ಅಕ್ಕೋರು ಇಲ್ಲ ಎನ್ನುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಎರಡು ವರ್ಷ ನಾನು ಅವರ ಮುಂದೆ ಯಾವ ವಸ್ತುವನ್ನೂ ಹೊಗಳಿರಲಿಲ್ಲ, ಏನನ್ನೂ ಕೇಳಿರಲಿಲ್ಲ. ಅದನ್ನು ನನ್ನ ಸಭ್ಯತೆ ಎಂದುಕೊಂಡಿದ್ದೆ. ಇಲ್ಲ ಎನ್ನಲಾರದವರ ಹತ್ತಿರ ಕೇಳುವುದೆಂದರೆ ಕೈಹಾಕಿ ತೆಗೆದುಕೊಂಡಂತೆಯೇ ಎಂದು ನನಗೆ ತಿಳಿದಿತ್ತು. ತಿಳಿದೂ ಎಂಟು ದಿನ ಮಾತು ಜೋಡಿಸಿ, ಒಂದು ಶನಿವಾರ ಮಧ್ಯಾಹ್ನ, ಅವರು ಕಿಟಕಿಯ ಹತ್ತಿರ ಕೂತು ಹೊಲಿಯುತ್ತಿದ್ದಾಗ ಕೇಳಿದೆ.

ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.

“ಖೋಲಿ ಬೇಕೇನ ತಂಗಿ? ತಗೋ. ಅದಕ್ಕ ಎಂಟ ದಿನದಿಂದ ಊಟ ಬಿಟ್ಟೀಯೇನ?”

“ಖೋಲಿ ಅಲ್ರೀ ಅಕ್ಕೋರ. ಒಂದು ಸಹಿ. ನಾನು ನಿಮ್ಮ ಅಣ್ಣನ ಮಗಳು ಅಂತ.”

“ನನಗ ಅಣ್ಣ ಇಲ್ಲ.”

“ಬರೇ ಕಾಗದದ ಮ್ಯಾಲ್ರೀ. ನೀವು ಇಲ್ಲೇ ಇರತೀರಿ, ಏನೂ ಬದಲಾಗೂದಿಲ್ಲ.”

ಅವರು ಮಡಿಲಿನ ಬಟ್ಟೆಯನ್ನು ಮಡಿಸಿಟ್ಟರು. “ಖೋಲಿ ನನ್ನ ಹಂತೇಕ ಐತಿ, ಕೊಡತೀನಿ. ಸುಳ್ಳು ನನ್ನ ಹಂತೇಕ ಇಲ್ಲವ್ವಾ. ಇಲ್ಲದ್ದನ್ನ ಎಲ್ಲಿಂದ ತಂದು ಕೊಡ್ಲಿ?”

ಸುಳ್ಳಿಲ್ಲದೆ ಕೊಡುವುದಕ್ಕೆ ಒಂದೇ ದಾರಿಯಿತ್ತು. ಹೊರಗಿನವರ ಹೆಸರಿಗೆ ಪಾವತಿ ಬದಲಾಗಬೇಕಾದರೆ ಹಳಬರು ತಮ್ಮ ಹಕ್ಕು ಪೂರ್ತಿ ಬಿಟ್ಟು ಬರೆದುಕೊಡಬೇಕು, ಹೊಸಬರು ಪಗಡಿ ಎಂದು ಒಂದು ಇಡುಗಂಟು ಕೊಡಬೇಕು. ಪಗಡಿಯಲ್ಲಿ ಮಾಲೀಕನಿಗೆ ಒಂದು ಪಾಲು, ಬಿಟ್ಟುಹೋಗುವವರಿಗೆ ಒಂದು ಪಾಲು. ತಮ್ಮ ಪಾಲು ಬೇಡವೆಂದು ಅಕ್ಕೋರು ಗುಮಾಸ್ತನಿಗೆ ಹೇಳಿದರು. ಅವನು ಕಾಗದದಿಂದ ತಲೆ ಎತ್ತಿ ಅವರನ್ನು ನೋಡಿದ, ಆಮೇಲೆ ನನ್ನನ್ನು. ಅವನ ನೋಟ ನನಗೆ ಇನ್ನೂ ನೆನಪಿದೆ. ಅಂಥ ಮನುಷ್ಯನಿಗೂ ಏನೋ ಸರಿಕಾಣಲಿಲ್ಲ.

ಪಾವತಿ ನನ್ನ ಹೆಸರಿಗಾಯಿತು. ಮದುವೆಯ ದಿನ ಗೊತ್ತಾಯಿತು. ಅಕ್ಕೋರು ಅಂಧೇರಿಯಲ್ಲಿ ವಯಸ್ಸಾದ ಹೆಂಗಸರು ಇರುವ ಒಂದು ಆಶ್ರಮಕ್ಕೆ ತಾವೇ ಹೋಗಿ ಕೇಳಿ ಬಂದರು. ಹೊರಡುವ ಹಿಂದಿನ ದಿನ ಸಂಜೆ ಚಹಕ್ಕೆ ಸ್ಟೋವ್ ಹಚ್ಚುತ್ತಿದ್ದರು. ನಾನು ಅವರ ಹಿಂದೆ ನಿಂತು ಹೇಳಿದೆ:

“ಅಕ್ಕೋರ, ನೀವೂ ನಮ್ಮ ಜೋಡಿ ಇಲ್ಲೇ ಇರ್ರಿ.”

“ಬ್ಯಾಡವ್ವಾ. ಹೊಸಾ ಸಂಸಾರ.”

ಅವರು ಹಿಂದೆ ತಿರುಗಲಿಲ್ಲ. ಸ್ಟೋವಿಗೆ ಪಂಪು ಹೊಡೆಯುತ್ತಲೇ ಇದ್ದರು. ಉರಿ ಆಗಲೇ ನೀಲಿಯಾಗಿ ಭರ್ರೆಂದು ಏಳುತ್ತಿತ್ತು, ಇನ್ನು ಪಂಪು ಬೇಕಿರಲಿಲ್ಲ. ಆದರೂ ಹೊಡೆಯುತ್ತಿದ್ದರು. ಇದನ್ನು ನಾನು ಕಂಡೆ. ಎರಡನೆಯ ಸಲ ಹೇಳಬೇಕಾದ ಜಾಗ ಅದು ಎಂದು ನನ್ನ ಮೈಯೆಲ್ಲ ಹೇಳುತ್ತಿತ್ತು; ಚಿಕ್ಕಂದಿನಿಂದ ಕಲಿತದ್ದು. ಅವರು ಒಂದೇ ಮಾತಿನವರು, ಬೇಡವೆಂದರೆ ಬೇಡವೇ ಎಂದು ಮನಸ್ಸಿನಲ್ಲಿ ಹೇಳಿಕೊಂಡು ನಾನು ಬಟ್ಟಲು ತೊಳೆಯಲು ಮೋರಿಗೆ ಹೋದೆ.

ಮರುದಿನ ನನಗೆ ರಜೆಯಿರಲಿಲ್ಲ. ಕೇಳಿದ್ದರೆ ಕೊಡುತ್ತಿದ್ದರು. ಗೌರವ್ವ ಜೊತೆಗೆ ಹೋಗಿ ಬಿಟ್ಟುಬಂದಳು. ಸಾಮಾನೆಂದರೆ ಒಂದು ಕೈಚೀಲ.

ಮುಂದಿನ ಮೂರು ವರ್ಷಗಳಲ್ಲಿ ನಾನು ಆಶ್ರಮಕ್ಕೆ ಹೋದದ್ದು ಎರಡು ಸಲ. ಮೊದಲ ಸಲ ಒಂದು ಶಾಲು ಒಯ್ದೆ. ಎರಡನೆಯ ಸಲ ಹೋದಾಗ ಅದು ಪಕ್ಕದ ಮಂಚದ ಮುದುಕಿಯ ಹೆಗಲ ಮೇಲಿತ್ತು. ನಾನು ನೋಡಿದ್ದನ್ನು ನೋಡಿ ಅಕ್ಕೋರು, “ಅಕೀಗೆ ಬಣ್ಣ ಒಪ್ಪತೈತಿ. ನನಗ ಹಾಕಿದರ ಕಂಬಕ್ಕ ಸುತ್ತಿದಂಗ” ಎಂದರು. ಬಹಳ ಇಳಿದುಹೋಗಿದ್ದರು. ಖೋಲಿಯ ವಿಷಯ ಕೇಳಿದರು. ಸುಣ್ಣ ಹೊಡೆಸಿದಿರಾ, ನಳಕ್ಕೆ ನೀರು ಸರಿಯಾಗಿ ಬರುತ್ತದೆಯೇ, ಬಾಗಿಲ ಚಿಲಕ ಇನ್ನೂ ಸಿಕ್ಕಿಹಾಕಿಕೊಳ್ಳುತ್ತದೆಯೇ. ಆಮೇಲೆ, “ಮುಂಜಾನಿ ಗ್ಯಾಲರಿ ಬಿಸಲು ಒಳಗ ಬರತೈತಲ್ಲ?” ಎಂದರು.

“ಪರದೆ ಹಾಕಿಬಿಟ್ಟೇವ್ರಿ. ಕಪಾಟಿನ ಪಾಲಿಶ್ ಹಾಳಾಗತೈತಿ ಅಂತ” ಎಂದೆ.

“ಹೌದಹೌದು, ಪಾಲಿಶ್ ಹೋಗತೈತಿ” ಎಂದರು.

ಮುದುಕರು ಮಾತಿಗೆ ಏನಾದರೂ ಕೇಳುತ್ತಾರೆ ಎಂದುಕೊಂಡು ನಾನು ಗಡಿಯಾರ ನೋಡಿ ಎದ್ದೆ.

ಹೋದ ತಿಂಗಳು ತೀರಿಕೊಂಡರು. ಸಮಾಧಿಯ ಮೊದಲು ಚರ್ಚಿನಲ್ಲಿ ಕನ್ನಡದಲ್ಲಿ ಪ್ರಾರ್ಥನೆ ನಡೆಯಿತು. ಅವರ ಜೊತೆ ಇದ್ದವಳು, ಓದಿದವಳು ಎಂದು ಪಾಸ್ಟರು ನನಗೆ ನಾಲ್ಕು ಮಾತು ಹೇಳಲು ಹೇಳಿದರು. ನಾನು ಎಲ್ಲರ ಮುಂದೆ ಮಾತಾಡುವವಳಲ್ಲ. ಆದರೂ ಎದ್ದು ನಿಂತು, ಅಚ್ಚುಕಟ್ಟಾಗಿಯೇ ಹೇಳಿದೆ. ಮೊಳೆಯ ಕಥೆ, ಫ್ಯಾನಿನ ಕಥೆ, ಕೊನೆಗೆ, “ಅವರಿಗೆ ಈ ಲೋಕದ ಯಾವ ವಸ್ತುವಿನ ಮೇಲೂ ಆಸೆಯೇ ಇರಲಿಲ್ಲ. ಅದಕ್ಕೇ ಅಷ್ಟು ಸುಲಭವಾಗಿ ಕೊಡುತ್ತಿದ್ದರು.” ಹೆಂಗಸರು ಕಣ್ಣೊರೆಸಿಕೊಂಡರು. ಚೆನ್ನಾಗಿ ಹೇಳಿದಿರಿ ಎಂದು ಪಾಸ್ಟರು ಬಾಗಿಲಲ್ಲಿ ಕೈಮುಗಿದರು.

ಗೌರವ್ವ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಸಮಾಧಿ ಮುಗಿಸಿ ನಾವಿಬ್ಬರೂ ಬಸ್ ಸ್ಟಾಪಿನಲ್ಲಿ ನಿಂತೆವು. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ನನ್ನತ್ತ ನೋಡದೆ ಕೇಳಿದಳು:

“ಅಕ್ಕೋರಿಗೆ ಆಶಾ ಇರಲಿಲ್ಲಂತ ನಿಮಗ ಯಾರ ಹೇಳಿದರ್ರಿ?”

ನಾನು ಬಸ್ಸು ಬರುವ ದಾರಿ ನೋಡಿದೆ.

“ಆವತ್ತ ಆಶ್ರಮಕ್ಕ ಹೊಂಟಾಗ ಗ್ರಾಂಟ್ ರೋಡ್ ಸ್ಟೇಶನ್ನಿನಾಗ ಮೂರು ಲೋಕಲ್ ಬಿಟ್ಟರ್ರಿ. ಜರಾ ಕುಂಡ್ರೂನು ಗೌರವ್ವಾ, ಜರಾ ಕುಂಡ್ರೂನು ಅಂತ. ಗದ್ದಲಕ್ಕ ಅಂಜ್ಯಾರ ಅಂತ ತಿಳಕೊಂಡೆ ನಾ. ಆಮ್ಯಾಲ ಅಂದರು, ಇಪ್ಪತ್ತಾರ ವರ್ಷ ಆತು, ಮುಂಜಾನಿ ಆ ಬಿಸಲಿನ್ಯಾಗ ಕುಂತ ಓದತಿದ್ನಿ, ಅದೊಂದ ಬಿಡಾಕ ಆಗವಲ್ಲದು. ಹಿಂಗಂದು ಅತ್ತರು. ಸಣ್ಣ ಹುಡುಗರ ಗತೆ, ಸೆರಗ ಬಾಯಾಗ ಇಟಗೊಂಡು. ಮನೀಗೆ ಹೋಗೂನ ನಡೀರಿ, ನಾ ಹೇಳತೀನಿ ಅವರಿಗೆ ಅಂದೆ. ಗಡಬಡಿಸಿ ಎದ್ದಬಿಟ್ಟರು. ಏಳು ಏಳು, ಇನ್ನ ಕುಂತರ ತಿರಗಿ ಹೋಗಿಬಿಡತೀನಿ ಅಂದರು. ಹತ್ತಿದರು.”

ಬಸ್ಸು ಬಂತು. ನಮ್ಮದಲ್ಲ. ಹೋಯಿತು.

“ಮೂರು ವರ್ಷ ನನಗ್ಯಾಕೆ ಹೇಳಲಿಲ್ಲ?” ಎಂದೆ. ನನ್ನ ದನಿ ಜಗಳದ ದನಿಯಂತಿತ್ತು.

“ಆಣಿ ಹಾಕಿದ್ದರ್ರಿ. ಆ ಹುಡುಗಿಗೆ ಹೇಳಬ್ಯಾಡ, ಹೇಳಿದರ ಆ ಖೋಲ್ಯಾಗ ಅಕೀಗೆ ಉಂಡ ಅನ್ನ ಮೈಗೆ ಹತ್ತೂದಿಲ್ಲ ಅಂತ. ಇವತ್ತೂ ಹೇಳತಿರಲಿಲ್ಲ. ನೀವು ಅಷ್ಟ ಮಂದಿ ಮುಂದ ನಿಂತು ಸುಲಭ ಅಂದರಿ. ತಡೀಲಿಲ್ಲ ನನಗ. ಸುಲಭ ಇರಲಿಲ್ಲರಿ. ಆಶಾ ಇತ್ತು. ಅದನ್ನ ಇಟಗೊಂಡ ಕೊಟ್ಟರು.”

ಆಕೆ ಬೈಯಲಿಲ್ಲ. ಬೈದಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು. ನಾನು ಕೇಳಿದ್ದಕ್ಕೆ ಅವರು ಕೊಟ್ಟರು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅವರು ನೋಯದವರು ಎಂದು ತೀರ್ಮಾನಿಸಿದ್ದು ನಾನೇ, ಅದು ನನಗೆ ಬೇಕಾಗಿತ್ತು. ಅದನ್ನೇ ಅಂದು ಅವರ ಶವಪೆಟ್ಟಿಗೆಯ ಮುಂದೆ ನಿಂತು ಹೊಗಳಿಕೆಯಾಗಿ ಹೇಳಿ ಬಂದಿದ್ದೆ.

ಮನೆಗೆ ಬಂದು ಏನನ್ನೂ ಮುಟ್ಟಲಿಲ್ಲ. ಯಜಮಾನರು ಕೇಳಿದಾಗ ದಣಿದಿದ್ದೇನೆ ಎಂದೆ. ಈಗ ಖೋಲಿಯಲ್ಲಿ ಕಪಾಟು, ರೇಡಿಯೋ, ಹೊಲಿಗೆ ಯಂತ್ರ, ಎರಡು ಟ್ರಂಕು, ಕೂಸಿನ ತೊಟ್ಟಿಲು. ಕಾಲಿಡಲು ಜಾಗವಿಲ್ಲವೆಂದು ಸೂರಿನ ಕೆಳಗೆ ಹಲಗೆಯ ಅಟ್ಟ ಹಾಕಿಸಬೇಕೆಂದು ನಾನೇ ಹಟ ಹಿಡಿದು ಬಡಗಿಯನ್ನು ಗೊತ್ತುಮಾಡಿದ್ದೆ. ಅವನು ಬರಬೇಕಾದದ್ದು ಮರುದಿನವೇ. ವಾಪಸ್ಸು ಕಳಿಸಿಬಿಡಬೇಕು ಎಂದು ನಿರ್ಧರಿಸಿ ಮಲಗಿದೆ.

ಬೆಳಿಗ್ಗೆ ಎಂಟಕ್ಕೆ ಬಡಗಿ ಬಂದ. ಚಪ್ಪಲಿ ಬಿಟ್ಟು, ಮಂಚದ ಮೇಲೆ ಹತ್ತಿ ನಿಂತು, ಗೋಡೆಗೆ ಟೇಪು ಹಚ್ಚಿ, ಅಟ್ಟ ಅರ್ಧ ಖೋಲಿಗೋ ಪೂರ್ತಿಗೋ ಎಂದು ಕೇಳಿದ: “ಬಾಯೀ, ಆಧಾ ಕಿ ಪೂರಾ?”

“ಪೂರಾ” ಎಂದೆ. ಟೇಪಿನ ಇನ್ನೊಂದು ತುದಿ ಹಿಡಿದುಕೊಂಡು ಎದುರು ಗೋಡೆಯ ತನಕ ಹೋದೆ.